ಮನೆಯ ವರ್ಕ್‌ಶಾಪಿನ ಏರ್ ಕಂಪ್ರೆಸರ್: ಶುರು ಮಾಡುವ ಕ್ರಮ, ನಿಲ್ಲಿಸುವ ಕ್ರಮ, ನಿರ್ವಹಣೆ

ಮನೆಯ ಹಿಂದಿನ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಇಟ್ಟುಕೊಂಡ ಸಣ್ಣ ಕಂಪ್ರೆಸರಿನ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಮೂರೇ. ಮೋಟರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಪಾಲಿಶ್ ಹೊಡೆದ ಮರದ ಮೇಲೆ ನೀರಿನ ಚುಕ್ಕೆಗಳು ಏಳುತ್ತವೆ. ಮೊದಲು ನಾಲ್ಕು ನಿಮಿಷದಲ್ಲಿ ತುಂಬುತ್ತಿದ್ದ ಟ್ಯಾಂಕು ಈಗ ಹತ್ತು ನಿಮಿಷವಾದರೂ ತುಂಬುವುದಿಲ್ಲ. ಈ ಮೂರಕ್ಕೂ ಜನ ಮೊದಲು ಯಂತ್ರವನ್ನೇ ಬೈಯುತ್ತಾರೆ. ನಾನು ಬಿಚ್ಚಿ ನೋಡಿದ ಬಹುಪಾಲು ಯಂತ್ರಗಳಲ್ಲಿ ಮಾತ್ರ ತೊಂದರೆಯ ಮೂಲ ಇದ್ದದ್ದು ಹಿಂದಿನ ದಿನ, ಹಿಂದಿನ ತಿಂಗಳು ಅದನ್ನು ನಿಲ್ಲಿಸುತ್ತ ಬಂದ ರೀತಿಯಲ್ಲಿ. ಆದ್ದರಿಂದ ನಿಲ್ಲಿಸುವ ಕ್ರಮಕ್ಕೂ ಟ್ಯಾಂಕಿನ ನೀರಿಗೂ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳಿರುವುದು ಸಿಂಗಲ್ ಫೇಸಿನಲ್ಲಿ ಓಡುವ, 1ರಿಂದ 3 ಎಚ್‌ಪಿ ಮೋಟರಿನ, 24ರಿಂದ 100 ಲೀಟರ್ ಟ್ಯಾಂಕಿನ ಪಿಸ್ಟನ್ ಕಂಪ್ರೆಸರುಗಳಿಗೆ ಅನ್ವಯಿಸುತ್ತದೆ. ಆಯಿಲ್ ಹಾಕುವ ಮಾದರಿ, ಆಯಿಲ್ ಬೇಡದ ಮಾದರಿ ಎರಡಕ್ಕೂ ಕ್ರಮ ಒಂದೇ. ಎರಡನೆಯದಕ್ಕೆ ಆಯಿಲಿನ ಭಾಗವನ್ನು ಬಿಟ್ಟು ಓದಿಕೊಳ್ಳಬಹುದು.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಒಂದು ಜೊತೆ ಸ್ಪ್ಯಾನರ್, ಟೆಫ್ಲಾನ್ ಟೇಪು, ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ, ಹಳೆಯ ಬ್ರಶ್ಶು, ಒಂದು ಅಗಲವಾದ ತಗಡಿನ ಡಬ್ಬಿ, ಮಲ್ಟಿಮೀಟರು, ಕಣ್ಣಿಗೆ ಕನ್ನಡಕ ಮತ್ತು ಕಿವಿಗೆ ಮುಚ್ಚಳ. ಇವುಗಳ ಜೊತೆ ಒಂದು ನೋಟ್‌ಬುಕ್ಕು ಬೇಕೇ ಬೇಕು. ಟ್ಯಾಂಕು ತುಂಬಲು ಹಿಡಿದ ಸಮಯ, ಆಯಿಲ್ ಬದಲಿಸಿದ ದಿನ, ಬೆಲ್ಟು ಬಿಗಿಮಾಡಿದ ದಿನ ಇಷ್ಟನ್ನು ಅದರಲ್ಲಿ ಬರೆದಿಟ್ಟರೆ ಮುಂದೆ ಯಂತ್ರಕ್ಕೆ ಏನಾಗಿದೆ ಎಂದು ಊಹಿಸುತ್ತ ಕೂರಬೇಕಾಗಿಲ್ಲ. ಮಲ್ಟಿಮೀಟರು ಏಕೆ ಎಂಬುದು ಎರಡನೆಯ ಹಂತದಲ್ಲಿ ತಿಳಿಯುತ್ತದೆ.

## ಹಂತ 1: ಜಾಗ ಆರಿಸುವುದು

ಕಂಪ್ರೆಸರು ಸಮತಟ್ಟಾದ ನೆಲದ ಮೇಲೆ, ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ದೂರದಲ್ಲಿರಬೇಕು. ನೆಲ ಓರೆಯಾಗಿದ್ದರೆ ಆಯಿಲಿನ ಮಟ್ಟ ತಪ್ಪಾಗಿ ಕಾಣುತ್ತದೆ, ಟ್ಯಾಂಕಿನ ನೀರೂ ತಳದಲ್ಲಿರುವ, ನೀರು ಬಿಡುವ ಪುಟ್ಟ ನಲ್ಲಿಯ, ಅಂದರೆ ಡ್ರೈನ್ ಕಾಕಿನ ಕಡೆಗೆ ಹರಿದುಬರದೆ ಇನ್ನೊಂದು ಮೂಲೆಯಲ್ಲಿ ನಿಂತುಬಿಡುತ್ತದೆ. ಕಾಕ್ ಇರುವ ಬದಿ ಕೂದಲೆಳೆಯಷ್ಟು ತಗ್ಗಿದ್ದರೆ ಒಳ್ಳೆಯದು. ಬೆಲ್ಟಿನ ಯಂತ್ರದಲ್ಲಿ ದೊಡ್ಡ ಪುಲ್ಲಿಯ ಕಡ್ಡಿಗಳೇ ಫ್ಯಾನಿನಂತೆ ಹೆಡ್ಡಿಗೆ (ಪಿಸ್ಟನ್ನಿನ ಮೇಲಿನ, ವಾಲ್ವುಗಳಿರುವ ಭಾಗಕ್ಕೆ) ಗಾಳಿ ಬೀಸುವುದರಿಂದ ಆ ಬದಿ ಗೋಡೆಗೆ ಅಂಟಿಕೊಂಡಿರಬಾರದು.

ಮರಗೆಲಸ ಮಾಡುವವರು ಹೊಟ್ಟು ಹಾರುವ ಮೇಜಿನ ಪಕ್ಕದಲ್ಲೇ ಕಂಪ್ರೆಸರ್ ಇಡುವುದು ಸಾಮಾನ್ಯ ತಪ್ಪು. ಏರ್ ಫಿಲ್ಟರು ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಥಿನ್ನರಿನ ಆವಿ ಇರುವಲ್ಲಿ ಇಡುವುದು ಅದಕ್ಕಿಂತ ಕೆಟ್ಟದ್ದು. ಒತ್ತಡಕ್ಕೆ ತಕ್ಕಂತೆ ಮೋಟರನ್ನು ತಾನಾಗಿ ಹಾಕಿ ಆರಿಸುವ ಪ್ರೆಶರ್ ಸ್ವಿಚ್ಚು ಪ್ರತಿ ಸಲ ಕೂಡಿ ಬಿಡುವಾಗಲೂ ಒಳಗೆ ಕಿಡಿ ಏಳುತ್ತದೆ. ಬಣ್ಣ ಹೊಡೆಯುವ ಕೋಣೆಯಲ್ಲಿ ಯಂತ್ರ ಇಡದೆ, ಹೊರಗಿಟ್ಟು ಪೈಪನ್ನು ಒಳಗೆ ಎಳೆದುಕೊಳ್ಳಿ.

## ಹಂತ 2: ಕರೆಂಟಿನ ವ್ಯವಸ್ಥೆ

ನನ್ನ ಮೊದಲ ಕಂಪ್ರೆಸರಿನ ಮೋಟರು ಸುಟ್ಟದ್ದು ಕೊಂಡ ಎರಡನೇ ತಿಂಗಳಿನಲ್ಲಿ. ಟೇಬಲ್ ಫ್ಯಾನಿಗೆಂದು ತಂದಿದ್ದ 20 ಮೀಟರ್ ಎಕ್ಸ್‌ಟೆನ್ಷನ್ ವೈರನ್ನು ಅಂಗಳಕ್ಕೆ ಎಳೆದು, ಸಂಜೆ ಏಳು ಗಂಟೆಗೆ, ಊರಿನವರೆಲ್ಲ ದೀಪ ಹಾಕಿ ಪಂಪು ಬಿಟ್ಟಿರುವ ಹೊತ್ತಿನಲ್ಲಿ ಅದನ್ನು ಶುರು ಮಾಡಿದ್ದೆ. ಮೋಟರ್ ವೈಂಡಿಂಗ್ ಅಂಗಡಿಯವರು ಕಪ್ಪಾದ ತಂತಿಯ ಸುರುಳಿಯನ್ನು ಮೂಸಿ ನೋಡಿ, ಮೊದಲು ಕೇಳಿದ ಪ್ರಶ್ನೆಯೇ ವೈರು ಎಷ್ಟು ಉದ್ದದ್ದು ಎಂಬುದಾಗಿತ್ತು.

ಲೆಕ್ಕ ಸರಳವಾಗಿದೆ. 2 ಎಚ್‌ಪಿಯ ಸಿಂಗಲ್ ಫೇಸ್ ಮೋಟರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. 1 ಚದರ ಮಿಲಿಮೀಟರಿನ 20 ಮೀಟರ್ ತಾಮ್ರದ ವೈರಿನಲ್ಲಿ 50 ಆಂಪಿಯರ್ ಹರಿದರೆ ಹೋಗಿ ಬರುವ ಹಾದಿಯಲ್ಲೇ ಸುಮಾರು 36 ವೋಲ್ಟ್ ಕಳೆದುಹೋಗುತ್ತದೆ. ಮೋಟರಿನ ಆರಂಭದ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, 230 ವೋಲ್ಟಿನ ಬದಲು 180 ವೋಲ್ಟ್ ಸಿಕ್ಕರೆ ಬಲ ಶೇ 61ಕ್ಕೆ ಬೀಳುತ್ತದೆ. ಆ ಬಲದಲ್ಲಿ ಪಿಸ್ಟನ್ ತಿರುಗದೆ ನಿಂತರೆ, ಎಳೆದ ಕರೆಂಟೆಲ್ಲ ವೈಂಡಿಂಗಿನಲ್ಲಿ ಶಾಖವಾಗುತ್ತದೆ.

ಆದ್ದರಿಂದ ಯಂತ್ರವನ್ನು 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಜೋಡಿಸಿ. ಬೋರ್ಡಿನಿಂದ ಆ ಸಾಕೆಟ್ಟಿಗೆ ಬರುವ ವೈರು ಕನಿಷ್ಠ 2.5 ಚದರ ಮಿಲಿಮೀಟರ್ ಇರಲಿ. ಶೆಡ್ಡು ದೂರವಿದ್ದರೆ 4 ಹಾಕಿಸಿ. ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್ಚು, ‘ಸಿ’ ವರ್ಗದ್ದಾಗಿರಬೇಕು, ಏಕೆಂದರೆ ದೀಪಗಳಿಗೆ ಹಾಕುವ ‘ಬಿ’ ವರ್ಗದ್ದು ಮೋಟರಿನ ಆರಂಭದ ಎಳೆತಕ್ಕೇ ಬಿದ್ದುಬಿಡಬಹುದು. ಅರ್ತಿಂಗ್ ಇಲ್ಲದ ಸಾಕೆಟ್ಟಿನಲ್ಲಿ, ಒದ್ದೆ ನೆಲದ ಮೇಲೆ, ಈ ಯಂತ್ರವನ್ನು ಎಂದೂ ಓಡಿಸಬೇಡಿ. ದೂರದ ಕೆಲಸವಿದ್ದಾಗ ವೈರನ್ನು ಉದ್ದ ಮಾಡುವ ಬದಲು ಗಾಳಿಯ ಪೈಪನ್ನೇ ಉದ್ದ ಮಾಡಿ. ನಿಮ್ಮ ಊರಿನಲ್ಲಿ ಸಂಜೆ ವೋಲ್ಟೇಜು ಬೀಳುವುದಾದರೆ ಶುರು ಮಾಡುವ ಮುನ್ನ ಮಲ್ಟಿಮೀಟರಿನಲ್ಲಿ ನೋಡಿ, 200ಕ್ಕಿಂತ ಕೆಳಗಿದ್ದರೆ ಕೆಲಸವನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ.

## ಹಂತ 3: ಹೊಸ ಯಂತ್ರವನ್ನು ಮೊದಲ ಸಲ ಓಡಿಸುವುದು

ಹೊಸ ಯಂತ್ರ ಅನೇಕ ವೇಳೆ ಆಯಿಲ್ ಇಲ್ಲದೆಯೇ ಮನೆಗೆ ಬರುತ್ತದೆ. ಕ್ರ್ಯಾಂಕ್‌ಕೇಸಿನ (ಪಿಸ್ಟನ್ನಿನ ಕೆಳಗೆ ಆಯಿಲ್ ನಿಲ್ಲುವ ಪೆಟ್ಟಿಗೆಯ) ಮೇಲಿರುವ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದು, ಗಾಜಿನ ಕಣ್ಣಿನ ನಡುವಿನ ಕೆಂಪು ಚುಕ್ಕೆಯ ಮಟ್ಟಕ್ಕೆ ಆಯಿಲ್ ತುಂಬಿ, ಜೊತೆಗೆ ಕೊಟ್ಟಿರುವ ಗಾಳಿಯಾಡುವ ಮುಚ್ಚಳವನ್ನು ಹಾಕಬೇಕು. ಸಾಗಣೆಯ ಗಟ್ಟಿ ಮುಚ್ಚಳವನ್ನೇ ಬಿಟ್ಟು ಓಡಿಸಿದರೆ ಒಳಗೆ ಒತ್ತಡ ಏರಿ ಆಯಿಲ್ ಸೀಲುಗಳಿಂದ ಹೊರಗೆ ಬರುತ್ತದೆ.

ಹಾಕಬೇಕಾದದ್ದು ಕಂಪ್ರೆಸರ್ ಆಯಿಲ್. ಸಾಮಾನ್ಯವಾಗಿ ವಿಜಿ 100 ಅಥವಾ ಎಸ್‌ಎಇ 30 ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಮನೆಯಲ್ಲಿ ಬೈಕಿನ ಆಯಿಲ್ ಉಳಿದಿದೆ ಎಂದು ಅದನ್ನು ಸುರಿಯುವವರು ಬಹಳ. ವಾಹನದ ಆಯಿಲಿನಲ್ಲಿ ಕೊಳೆಯನ್ನು ತನ್ನೊಳಗೆ ತೇಲಿಸಿಟ್ಟುಕೊಳ್ಳುವ ರಾಸಾಯನಿಕ ಇರುತ್ತದೆ. ವಾಹನದಲ್ಲಿ ಆ ಕೊಳೆಯನ್ನು ಹಿಡಿಯಲು ಆಯಿಲ್ ಫಿಲ್ಟರ್ ಇದೆ, ಸಣ್ಣ ಕಂಪ್ರೆಸರಿನಲ್ಲಿ ಇಲ್ಲ. ಹಾಗಾಗಿ ಅದು ಹೆಡ್ಡಿನ ಬಿಸಿಗೆ ಸುಟ್ಟು ವಾಲ್ವಿನ ತೆಳು ಪಟ್ಟಿಗಳ ಮೇಲೆ ಮಸಿಯಾಗಿ ಕೂರುತ್ತದೆ. ಮಟ್ಟ ಚುಕ್ಕೆಗಿಂತ ಮೇಲಿರುವುದೂ ತಪ್ಪೇ. ಹೆಚ್ಚಾದ ಆಯಿಲ್ ಗಾಳಿಯ ಜೊತೆ ಟ್ಯಾಂಕಿಗೆ, ಅಲ್ಲಿಂದ ನಿಮ್ಮ ಬಣ್ಣಕ್ಕೆ ಸೇರುತ್ತದೆ.

ಮೊದಲ ಓಟವನ್ನು ಹೊರೆಯಿಲ್ಲದೆ ಮಾಡಿ. ಡ್ರೈನ್ ಕಾಕ್ ಪೂರ್ತಿ ತೆರೆದಿಟ್ಟು, ಒತ್ತಡ ಏರದಂತೆ, 20ರಿಂದ 30 ನಿಮಿಷ ಓಡಿಸಿದರೆ ಪಿಸ್ಟನ್ ರಿಂಗುಗಳು ಹೊಂದಿಕೊಳ್ಳುತ್ತವೆ. ಆಮೇಲೆ ಕಾಕ್ ಮುಚ್ಚಿ, ಸೊನ್ನೆಯಿಂದ ತಾನಾಗಿ ನಿಲ್ಲುವವರೆಗೆ ಎಷ್ಟು ಸಮಯ ಹಿಡಿಯಿತು ಎಂದು ಮೊಬೈಲಿನಲ್ಲಿ ನೋಡಿ ಬರೆದಿಡಿ. ಮುಂದೆ ಯಂತ್ರದ ಆರೋಗ್ಯ ನೋಡುವಾಗಲೆಲ್ಲ ಈ ಅಂಕಿ ಬೇಕಾಗುತ್ತದೆ.

## ಹಂತ 4: ಪ್ರತಿ ಸಲ ಶುರು ಮಾಡುವ ಕ್ರಮ

ಮೊದಲು ಆಯಿಲಿನ ಕಣ್ಣು ನೋಡಿ. ಆಮೇಲೆ ಡ್ರೈನ್ ಕಾಕ್ ಮುಚ್ಚಿ. ಪೈಪಿಗೆ ಹೋಗುವ ಒತ್ತಡವನ್ನು ಹೊಂದಿಸುವ ರೆಗ್ಯುಲೇಟರನ್ನು ಎಡಕ್ಕೆ ತಿರುಗಿಸಿ ಪೂರ್ತಿ ಸಡಿಲಿಸಿ. ಪೈಪಿನ ಕಪ್ಲಿಂಗ್ ಸರಿಯಾಗಿ ಕೂತಿದೆಯೇ ಎಂದು ಎಳೆದು ನೋಡಿ. ಪ್ರೆಶರ್ ಸ್ವಿಚ್ಚಿನ ಮೇಲಿನ ಕೆಂಪು ಗುಂಡಿ ಕೆಳಗಿದೆ, ಅಂದರೆ ಆಫ್ ಆಗಿದೆ ಎಂದು ಖಚಿತಪಡಿಸಿಕೊಂಡು ಪ್ಲಗ್ ಹಾಕಿ, ಗೋಡೆಯ ಸ್ವಿಚ್ಚು ಹಾಕಿ, ಕೊನೆಗೆ ಕೆಂಪು ಗುಂಡಿಯನ್ನು ಮೇಲೆತ್ತಿ.

ಟ್ಯಾಂಕು ತುಂಬುವವರೆಗೆ ಯಂತ್ರದ ಹತ್ತಿರವೇ ಇರಿ. ಸಾಮಾನ್ಯವಾಗಿ 8 ಬಾರ್, ಅಂದರೆ ಸುಮಾರು 116 ಪಿಎಸ್‌ಐ ಮುಟ್ಟಿದಾಗ ಮೋಟರು ತಾನಾಗಿ ನಿಂತು, ಸ್ವಿಚ್ಚಿನ ಬಳಿ ಎರಡು ಮೂರು ಸೆಕೆಂಡು ‘ಪುಸ್ಸ್’ ಎಂಬ ಸದ್ದು ಬರುತ್ತದೆ. ಈ ಸದ್ದನ್ನು ಸೋರಿಕೆ ಎಂದು ಭಾವಿಸಿ ಸ್ವಿಚ್ಚು ಬದಲಿಸಿದವರಿದ್ದಾರೆ. ಅದು ಸೋರಿಕೆಯಲ್ಲ. ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಅನ್‌ಲೋಡರ್ ಎಂಬ ಪುಟ್ಟ ವಾಲ್ವು ಹೊರಗೆ ಬಿಡುವ ಸದ್ದು. ಇದರಿಂದ ಮೋಟರು ಮುಂದಿನ ಸಲ ಎದುರೊತ್ತಡವಿಲ್ಲದೆ ಹಗುರಾಗಿ ತಿರುಗಲು ಶುರು ಮಾಡುತ್ತದೆ. ಆರನೆಯ ಹಂತದ ಮಾತು ಪೂರ್ತಿ ಈ ಸದ್ದಿನ ಮೇಲೆಯೇ ನಿಂತಿದೆ.

ಗೇಜು 8 ದಾಟಿ ಏರುತ್ತಲೇ ಇದ್ದರೆ ಕೂಡಲೇ ಕೆಂಪು ಗುಂಡಿ ಒತ್ತಿ. ಪ್ರೆಶರ್ ಸ್ವಿಚ್ಚು ಕೆಟ್ಟಿದೆ. ಒತ್ತಡ ಮಿತಿಮೀರಿದಾಗ ಗಾಳಿ ಬಿಡುವ ಸೇಫ್ಟಿ ವಾಲ್ವು ಇದೆಯಲ್ಲ ಎಂದು ಓಡಿಸುತ್ತ ಹೋಗಬೇಡಿ.

## ಹಂತ 5: ಕೆಲಸಕ್ಕೆ ತಕ್ಕ ಒತ್ತಡ, ಕೆಲಸಕ್ಕೆ ಸಾಲುವಷ್ಟು ಗಾಳಿ

ರೆಗ್ಯುಲೇಟರಿನ ಗುಬ್ಬಿಯನ್ನು ಮೇಲಕ್ಕೆ ಎಳೆದು ಬಲಕ್ಕೆ ತಿರುಗಿಸಿದರೆ ಒತ್ತಡ ಏರುತ್ತದೆ. ಉಪಕರಣದ ಕುದುರೆಯನ್ನು ಒತ್ತಿ ಗಾಳಿ ಹರಿಯುತ್ತಿರುವಾಗಲೇ ಗೇಜು ನೋಡಿ ಹೊಂದಿಸಬೇಕು. ನಿಂತ ಗಾಳಿಯಲ್ಲಿ ತೋರಿದ ಒತ್ತಡ ಹರಿಯುವಾಗ ಇಳಿಯುತ್ತದೆ. ಇಂಪ್ಯಾಕ್ಟ್ ಗನ್ನಿನಂಥ ಬಹುತೇಕ ಉಪಕರಣಗಳಿಗೆ 6.2 ಬಾರ್ ಅಂದರೆ 90 ಪಿಎಸ್‌ಐ ಗರಿಷ್ಠ. ಸಾಮಾನ್ಯ ಸ್ಪ್ರೇ ಗನ್ನಿಗೆ 2ರಿಂದ 3 ಬಾರ್ ಸಾಕು. ದೂಳು ಊದಲು 2 ಬಾರಿಗಿಂತ ಹೆಚ್ಚು ಬೇಡವೇ ಬೇಡ. ಬೈಕಿನ ಟೈರಿಗೆ ಗಾಳಿ ಹೊಡೆಯುವಾಗ ರೆಗ್ಯುಲೇಟರನ್ನು ಟೈರಿಗೆ ಬೇಕಾದ ಒತ್ತಡಕ್ಕಿಂತ ಸ್ವಲ್ಪ ಮಾತ್ರ ಮೇಲಿಡಿ.

ಒತ್ತಡ ಸರಿಯಿದ್ದೂ ಗನ್ನು ಉಸಿರು ಕಟ್ಟಿದಂತೆ ಆಡಿದರೆ ಕೊರತೆ ಇರುವುದು ಗಾಳಿಯ ಪ್ರಮಾಣದಲ್ಲಿ. ಲೇಬಲ್ಲಿನಲ್ಲಿ 8 ಸಿಎಫ್‌ಎಂ (ನಿಮಿಷಕ್ಕೆ 8 ಘನ ಅಡಿ) ಎಂದಿದ್ದರೆ ಅದು ಸಾಮಾನ್ಯವಾಗಿ ಪಿಸ್ಟನ್ ಲೆಕ್ಕದ ಪರಿಮಾಣ, ಪೈಪಿನ ತುದಿಗೆ ಬರುವ ಗಾಳಿಯಲ್ಲ. ನಿಜವಾದದ್ದನ್ನು ನೀವೇ ಅಳೆಯಬಹುದು. ಟ್ಯಾಂಕು 50 ಲೀಟರಿನದು, ಸೊನ್ನೆಯಿಂದ 8 ಬಾರಿಗೆ 4 ನಿಮಿಷ ಹಿಡಿಯಿತು ಎಂದುಕೊಳ್ಳಿ. 50ನ್ನು 8ರಿಂದ ಗುಣಿಸಿದರೆ 400 ಲೀಟರ್ ಹೊರಗಾಳಿ. ನಿಮಿಷಕ್ಕೆ 100 ಲೀಟರ್. ಒಂದು ಘನ ಅಡಿ ಎಂದರೆ 28.3 ಲೀಟರ್, ಆದ್ದರಿಂದ ನಿಮ್ಮ ಯಂತ್ರದ ನಿಜವಾದ ಕೊಡುಗೆ ಮೂರೂವರೆ ಸಿಎಫ್‌ಎಂ.

ಈ ಅಂಕಿ ಕೈಯಲ್ಲಿದ್ದರೆ ಅನೇಕ ನಿರಾಸೆಗಳು ತಪ್ಪುತ್ತವೆ. ಮೂರೂವರೆ ಸಿಎಫ್‌ಎಂನಲ್ಲಿ ಟೈರು, ಮೊಳೆ ಹೊಡೆಯುವ ಗನ್ನು, ಸಣ್ಣಪುಟ್ಟ ಟಚ್‌ಅಪ್ ಸ್ಪ್ರೇ ಎಲ್ಲವೂ ಸುಸೂತ್ರ. ಇಂಪ್ಯಾಕ್ಟ್ ಗನ್ನಿನಲ್ಲಿ ಒಂದು ಚಕ್ರದ ನಟ್ಟು ಬಿಚ್ಚಿ ಎರಡು ನಿಮಿಷ ಕಾಯಬೇಕು. ಸ್ಯಾಂಡರು, ಗ್ರೈಂಡರು, ಹೆಚ್ಚು ಗಾಳಿ ಕುಡಿಯುವ ಸ್ಪ್ರೇ ಗನ್ನುಗಳಿಗೆ ಹತ್ತರ ಆಸುಪಾಸು ಸಿಎಫ್‌ಎಂ ಬೇಕಾಗುವುದರಿಂದ ಅವನ್ನು ಈ ಯಂತ್ರಕ್ಕೆ ಜೋಡಿಸುವುದು ವ್ಯರ್ಥ. ಮೋಟರು ಒಂದೇ ಸಮ ಓಡಿ ಬಿಸಿಯಾಗುತ್ತದೆ. ಸಣ್ಣ ಕಂಪ್ರೆಸರು ಗಂಟೆಯಲ್ಲಿ ಅರ್ಧ ಹೊತ್ತು ಓಡಿ ಅರ್ಧ ಹೊತ್ತು ತಣಿಯುವ ಲೆಕ್ಕದಲ್ಲಿ ಬಳಸಬೇಕಾದದ್ದು. ಪಂಕ್ಚರ್ ಅಂಗಡಿಯಲ್ಲಿ ದಿನವಿಡೀ ಓಡುವ ದೊಡ್ಡ ಯಂತ್ರದ ಜೊತೆ ಇದನ್ನು ಹೋಲಿಸಬೇಡಿ.

ಗಾಳಿಯ ಪೈಪನ್ನು ಮೈಗೆ, ಬಟ್ಟೆಗೆ ಹಿಡಿದು ದೂಳು ಕೊಡವುವ ಅಭ್ಯಾಸ ಎಲ್ಲ ಕಡೆ ಇದೆ. ಚರ್ಮದ ಗಾಯದ ಮೂಲಕ ಗಾಳಿ ಒಳಹೊಕ್ಕರೆ ಪ್ರಾಣಕ್ಕೇ ಅಪಾಯ. ತಮಾಷೆಗೆಂದು ಗೆಳೆಯರ ದೇಹದೊಳಗೆ ಗಾಳಿ ಬಿಟ್ಟು ಕರುಳು ಒಡೆದು ಜನ ಸತ್ತ ಪ್ರಕರಣಗಳು ನಮ್ಮ ದೇಶದಲ್ಲೇ ನಡೆದಿವೆ. ಮಕ್ಕಳ ಕೈಗೆ ಏರ್ ಗನ್ನು ಸಿಗದಂತೆ ತೂಗುಹಾಕಿ.

## ಹಂತ 6: ನಿಲ್ಲಿಸುವ ಕ್ರಮ

ಕೆಲಸ ಮುಗಿದಾಗ ಗೋಡೆಯ ಸ್ವಿಚ್ಚು ಆರಿಸಿ ಪ್ಲಗ್ ಕಿತ್ತು ಹೋಗುವುದು ಎಲ್ಲರ ರೂಢಿ. ಮಿಕ್ಸರ್ ಗ್ರೈಂಡರಿಗೆ ಅದು ಸರಿ, ಕಂಪ್ರೆಸರಿಗೆ ಅಲ್ಲ. ಅನ್‌ಲೋಡರ್ ವಾಲ್ವು ತೆರೆಯುವುದು ಪ್ರೆಶರ್ ಸ್ವಿಚ್ಚಿನ ಒಳಗಿನ ಸನ್ನೆಕೋಲು ಬಿಟ್ಟಾಗ ಮಾತ್ರ, ಅಂದರೆ ಒತ್ತಡ ತುಂಬಿ ತಾನಾಗಿ ನಿಂತಾಗ ಅಥವಾ ನೀವು ಕೆಂಪು ಗುಂಡಿಯನ್ನು ಒತ್ತಿದಾಗ. ಓಡುತ್ತಿರುವ ಯಂತ್ರದ ಕರೆಂಟನ್ನು ಗೋಡೆಯಲ್ಲಿ ಕಡಿದರೆ ಸನ್ನೆಕೋಲು ಹಾಗೆಯೇ ಕೂಡಿಕೊಂಡಿರುತ್ತದೆ, ಆ ‘ಪುಸ್ಸ್’ ಬರುವುದಿಲ್ಲ, ಹೆಡ್ಡಿನ ಮೇಲೆ ಐದಾರು ಬಾರ್ ಒತ್ತಡ ಕೂತೇ ಇರುತ್ತದೆ. ಮತ್ತೆ ಸ್ವಿಚ್ಚು ಹಾಕಿದಾಗ ಮೋಟರು ಆ ಒತ್ತಡದ ವಿರುದ್ಧ ಪಿಸ್ಟನ್ ಎತ್ತಲಾಗದೆ ಗುಂಯ್ ಎನ್ನುತ್ತದೆ.

ನಮ್ಮಲ್ಲಿ ಇದೇ ತಪ್ಪನ್ನು ನಮ್ಮ ಪರವಾಗಿ ಮಾಡುವುದು ಹೇಳದೆ ಕೇಳದೆ ಹೋಗುವ ಕರೆಂಟು. ಟ್ಯಾಂಕು 5 ಬಾರ್ ತಲುಪಿದಾಗ ಕರೆಂಟು ಹೋಯಿತು, ನೀವು ಚಹಾಕ್ಕೆಂದು ಒಳಗೆ ಹೋದಿರಿ, ಹತ್ತು ನಿಮಿಷಕ್ಕೆ ಕರೆಂಟು ಬಂತು. ಶೆಡ್ಡಿನಲ್ಲಿ ಯಾರೂ ಇಲ್ಲದೆ ಮೋಟರು ಗುಂಯ್‌ಗುಟ್ಟುತ್ತ ಬೇಯುತ್ತಿರುತ್ತದೆ. ಹೊರೆ ಮಿತಿಮೀರಿದಾಗ ಕರೆಂಟು ಕಡಿಯುವ ಓವರ್‌ಲೋಡ್ ಗುಂಡಿ ಹಾರಿ ಉಳಿಸಿದರೆ ಅದೃಷ್ಟ. ಆದ್ದರಿಂದ ಕರೆಂಟು ಹೋದ ಮರುಕ್ಷಣವೇ ಕೆಂಪು ಗುಂಡಿ ಒತ್ತಿ, ‘ಪುಸ್ಸ್’ ಕೇಳಿಸಿಕೊಂಡು ಮತ್ತೆ ಹೊರಗೆ ಹೋಗಿ. ಈ ಒಂದು ಅಭ್ಯಾಸ ಮೋಟರು ಶುರುವಾಗಲು ನೆರವಾಗುವ ಕ್ಯಾಪಾಸಿಟರನ್ನೂ ವೈಂಡಿಂಗನ್ನೂ ಕಾಪಾಡುತ್ತದೆ.

ದಿನದ ಕೊನೆಯ ಕ್ರಮ ಹೀಗಿರಲಿ:

1. ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ‘ಪುಸ್ಸ್’ ಮುಗಿಯುವವರೆಗೆ ಕಾಯಿರಿ.
2. ಆಮೇಲೆ ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ ತೆಗೆಯಿರಿ.
3. ಪೈಪಿನ ತುದಿಯ ಗನ್ನನ್ನು ಒತ್ತಿ ಟ್ಯಾಂಕಿನ ಒತ್ತಡವನ್ನು 2 ಬಾರಿಗೆ ಇಳಿಸಿ.
4. ಡ್ರೈನ್ ಕಾಕಿನ ಕೆಳಗೆ ತಗಡಿನ ಡಬ್ಬಿ ಇಟ್ಟು, ಕಾಕನ್ನು ನಿಧಾನವಾಗಿ ತೆರೆಯಿರಿ.
5. ನೀರು ನಿಂತು ಬರೀ ಗಾಳಿ ಬಂದು, ಗೇಜು ಸೊನ್ನೆಗೆ ಇಳಿದ ಮೇಲೆ ಪೈಪು ಕಳಚಿ ಸುತ್ತಿಡಿ.

ಒತ್ತಡವಿರುವ ಪೈಪಿನ ಕಪ್ಲಿಂಗನ್ನು ಕಳಚಬೇಡಿ. ತುದಿ ಹಾವಿನಂತೆ ಹೊಡೆದುಕೊಂಡು ಮುಖಕ್ಕೆ ಬಡಿಯುತ್ತದೆ.

## ಹಂತ 7: ಟ್ಯಾಂಕಿನ ನೀರು

ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಹೊಸಬರು ಆಶ್ಚರ್ಯಪಡುತ್ತಾರೆ. 30 ಡಿಗ್ರಿ ಉಷ್ಣಾಂಶದ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಮಳೆಗಾಲದ ಕರಾವಳಿಯಲ್ಲಿ ತೇವಾಂಶ ಶೇ 85 ಇರುವ ದಿನ ಅದರಲ್ಲಿ 25 ಗ್ರಾಂ ಇದ್ದೇ ಇರುತ್ತದೆ. 50 ಲೀಟರಿನ ಖಾಲಿ ಟ್ಯಾಂಕು 8 ಬಾರಿಗೆ ತುಂಬಿದಾಗ ಒಳಗೆ ಇರುವುದು 450 ಲೀಟರ್ ಹೊರಗಾಳಿ, ಅದರ ಜೊತೆ 11 ಗ್ರಾಂ ನೀರು. ಟ್ಯಾಂಕು ತಣಿದಾಗ 50 ಲೀಟರ್ ಜಾಗ ಒಂದೂವರೆ ಗ್ರಾಂ ಆವಿಯನ್ನಷ್ಟೇ ಹಿಡಿದೀತು. ಉಳಿದದ್ದು, ಎರಡು ಟೀ ಚಮಚದಷ್ಟು, ತಳಕ್ಕೆ ಇಳಿಯುತ್ತದೆ. ದಿನವಿಡೀ ಕೆಲಸ ಮಾಡಿ ಯಂತ್ರ ನಲವತ್ತು ಸಲ 6ರಿಂದ 8ಕ್ಕೆ ತುಂಬಿಕೊಂಡರೆ ಸಂಜೆಗೆ ಹೋಟೆಲಿನ ಒಂದು ಟೀ ಗ್ಲಾಸಿನಷ್ಟು ನೀರು ಕೂಡಿರುತ್ತದೆ. ಬೇಸಿಗೆಯ ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ಇದು ಕಡಿಮೆ, ಆದರೆ ಸೊನ್ನೆಯಲ್ಲ.

ಡ್ರೈನ್ ಕಾಕಿನಿಂದ ಬರುವ ನೀರನ್ನು ನೋಡದೆ ಚೆಲ್ಲಬೇಡಿ. ತಿಳಿಯಾಗಿದ್ದರೆ ಸರಿ. ಬೆಲ್ಲದ ನೀರಿನ ಬಣ್ಣವಿದ್ದರೆ ಟ್ಯಾಂಕಿನ ಒಳಗೆ ತುಕ್ಕು ಶುರುವಾಗಿದೆ, ಇನ್ನು ಒಂದು ದಿನವೂ ಡ್ರೈನ್ ತಪ್ಪಿಸಬಾರದು. ಡಬ್ಬಿಯ ತಳದಲ್ಲಿ ತುಕ್ಕಿನ ಚಕ್ಕೆಗಳು ಉಳಿದರೆ ತಗಡು ಸವೆಯುತ್ತಿದೆ ಎಂದೇ ಅರ್ಥ. ಮಜ್ಜಿಗೆಯಂತೆ ಬೆಳ್ಳಗಿದ್ದರೆ ಆಯಿಲ್ ಪಿಸ್ಟನ್ ರಿಂಗು ದಾಟಿ ಬರುತ್ತಿದೆ. ಆ ನೀರನ್ನು ಗಿಡದ ಬುಡಕ್ಕೆ ಹಾಕಬೇಡಿ.

ಅನೇಕ ಯಂತ್ರಗಳಲ್ಲಿ ಡ್ರೈನ್ ಕಾಕ್ ಟ್ಯಾಂಕಿನ ಹೊಟ್ಟೆಯ ಕೆಳಗೆ, ನೆಲಕ್ಕೆ ಅಂಗೈ ಅಗಲ ಎತ್ತರದಲ್ಲಿ, ಬೆರಳು ತೂರದ ಜಾಗದಲ್ಲಿರುತ್ತದೆ. ದಿನವೂ ಮಂಡಿಯೂರಿ ಮಲಗಲು ಬೇಸರವಾಗಿಯೇ ಜನ ಡ್ರೈನ್ ಮಾಡುವುದನ್ನು ಬಿಡುತ್ತಾರೆ. ಟ್ಯಾಂಕು ಪೂರ್ತಿ ಖಾಲಿ ಮಾಡಿ, ಆ ಕಾಕನ್ನು ಬಿಚ್ಚಿ, ಅದೇ ಅಳತೆಯ ಥ್ರೆಡ್ಡಿನ ಒಂದು ಎಲ್ಬೋ, ಸಣ್ಣ ಲೋಹದ ಪೈಪು, ಹೊರಗೆ ಕಾಣುವಂತೆ ಒಂದು ಬಾಲ್ ವಾಲ್ವು ಹಾಕಿಸಿಕೊಳ್ಳಿ. ಕಂಪ್ರೆಸರಿಗೆ ಮಾಡಬಹುದಾದ ಮಾರ್ಪಾಡುಗಳಲ್ಲಿ ಇದರಷ್ಟು ಉಪಯೋಗದ್ದನ್ನು ನಾನು ಕಂಡಿಲ್ಲ.

ರಾತ್ರಿ ಕಾಕ್ ತೆರೆದಿಟ್ಟರೆ ಒಳಗೆ ಒಣಗುತ್ತದೆ ಎನ್ನುವುದು ನಿಜ. ಒಂದು ಎಚ್ಚರಿಕೆ ಮಾತ್ರ: ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಇಂಥ ತೂತೆಂದರೆ ಬಲು ಇಷ್ಟ. ಹದಿನೈದು ದಿನ ಊರಲ್ಲಿ ಇಲ್ಲದೆ ಬಂದರೆ ಕಾಕ್, ಏರ್ ಫಿಲ್ಟರಿನ ಬಾಯಿ, ಏರ್ ಗನ್ನಿನ ತುದಿ ಮೂರನ್ನೂ ಕಡ್ಡಿ ಹಾಕಿ ನೋಡಿ.

ಬಣ್ಣದ ಕೆಲಸಕ್ಕೆ ನೀರು ಹಿಡಿಯುವ ಫಿಲ್ಟರನ್ನು ಬಹುತೇಕರು ಕಂಪ್ರೆಸರಿನ ಬಾಯಿಗೇ ಹಾಕುತ್ತಾರೆ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಇನ್ನೂ ಆವಿಯ ರೂಪದಲ್ಲಿರುವುದರಿಂದ ಫಿಲ್ಟರನ್ನು ದಾಟಿ ಹೋಗಿ, ಪೈಪಿನಲ್ಲಿ ತಣಿದು, ಗನ್ನಿನ ಬಾಯಲ್ಲಿ ಹನಿಯಾಗುತ್ತದೆ. ಹತ್ತು ಮೀಟರ್ ಪೈಪಿನ ಆಚೆ, ಗನ್ನಿಗೆ ಹತ್ತಿರದಲ್ಲಿ ಫಿಲ್ಟರ್ ಹಾಕಿ. ಪೈಪಿನ ಸುರುಳಿಯನ್ನು ಬಕೆಟ್ಟಿನ ತಣ್ಣೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಫಿಲ್ಟರಿಗೆ ಕೊಟ್ಟರೆ ಮಳೆಗಾಲದಲ್ಲೂ ಒಂದು ಕುರ್ಚಿಗೆ ಪಾಲಿಶ್ ಹೊಡೆಯುವಷ್ಟು ಒಣಗಾಳಿ ಸಿಗುತ್ತದೆ.

## ಹಂತ 8: ಕಾಲಕಾಲದ ನಿರ್ವಹಣೆ

ಏರ್ ಫಿಲ್ಟರ್. ವಾರಕ್ಕೊಮ್ಮೆ ಬಿಚ್ಚಿ ನೋಡಿ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಕಾಗದದ್ದಾದರೆ ತಟ್ಟಿ ದೂಳು ಉದುರಿಸಿ, ಕಪ್ಪಾದಾಗ ಬದಲಿಸಿ. ಫಿಲ್ಟರ್ ಇಲ್ಲದೆ ಒಂದು ನಿಮಿಷವೂ ಓಡಿಸಬೇಡಿ.

ಆಯಿಲ್. ಮೊದಲ ಬದಲಾವಣೆ ಬೇಗ ಆಗಬೇಕು, ಏಕೆಂದರೆ ಹೊಸ ರಿಂಗು ಸವೆದ ಲೋಹದ ಪುಡಿ ಅದರಲ್ಲಿರುತ್ತದೆ. ಕೈಪಿಡಿಯಲ್ಲಿ ಬೇರೆ ಹೇಳಿಲ್ಲದಿದ್ದರೆ ಮೊದಲ 50 ಗಂಟೆಗೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಬದಲಿಸಿ. ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ, ಪ್ಲಗ್ ಕಿತ್ತು, ಕೆಳಗಿನ ಬೋಲ್ಟು ಬಿಚ್ಚಿದರೆ ಕೊಳೆಯೂ ಜೊತೆಗೆ ಇಳಿಯುತ್ತದೆ.

ಬೆಲ್ಟು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10ರಿಂದ 12 ಮಿಲಿಮೀಟರ್ ಬಗ್ಗಬೇಕು. ಸಡಿಲವಾದರೆ ಶುರುವಿನಲ್ಲಿ ಕಿರುಚುತ್ತದೆ, ರಬ್ಬರಿನ ಕಪ್ಪು ಪುಡಿ ನೆಲದ ಮೇಲೆ ಬೀಳುತ್ತದೆ. ವಿಪರೀತ ಬಿಗಿಯಾದರೆ ಬೇರಿಂಗು ಹೋಗುತ್ತದೆ. ಬಿಗಿ ಮಾಡುವಾಗ ಪ್ಲಗ್ ಹೊರಗೆ ತೆಗೆದಿರಲಿ, ಮುಗಿದ ಮೇಲೆ ಬೆಲ್ಟಿನ ಜಾಲರಿಯನ್ನು ಮರಳಿ ಹಾಕಿ.

ಸೇಫ್ಟಿ ವಾಲ್ವು. ತಿಂಗಳಿಗೊಮ್ಮೆ, ಟ್ಯಾಂಕಿನಲ್ಲಿ 4 ಬಾರ್ ಇರುವಾಗ, ಕನ್ನಡಕ ಹಾಕಿಕೊಂಡು ಉಂಗುರ ಎಳೆಯಿರಿ. ಗಾಳಿ ಜೋರಾಗಿ ಬಂದು, ಬಿಟ್ಟ ಕೂಡಲೇ ನಿಲ್ಲಬೇಕು. ಅಂಟಿಕೊಂಡಿದ್ದರೆ ಅಥವಾ ಸೋರುತ್ತಿದ್ದರೆ ರಿಪೇರಿ ಮಾಡದೆ ಅದೇ ಒತ್ತಡದ ಹೊಸದನ್ನು ಹಾಕಿ. ಸೋರುತ್ತದೆ ಎಂದು ಅದರ ಜಾಗಕ್ಕೆ ಬೋಲ್ಟು ಬಿಗಿದ ಯಂತ್ರವೊಂದನ್ನು ನಾನು ನೋಡಿದ್ದೇನೆ. ಅದರ ಹತ್ತಿರ ನಿಲ್ಲದೆ ಹೊರಗೆ ಬಂದೆ.

## ಹಂತ 9: ಸೋರಿಕೆ ಹುಡುಕುವುದು

ಟ್ಯಾಂಕು ತುಂಬಿಸಿ, ಕೆಂಪು ಗುಂಡಿ ಒತ್ತಿ, ಯಾವ ಉಪಕರಣವನ್ನೂ ಬಳಸದೆ ಹತ್ತು ನಿಮಿಷ ಬಿಡಿ. ತಣಿಯುವಾಗ ಮುಳ್ಳು ಸ್ವಲ್ಪ ಇಳಿಯುವುದು ಸಹಜ. 8ರಿಂದ 7ಕ್ಕೆ ಇಳಿದರೆ 50 ಲೀಟರಿನ ಟ್ಯಾಂಕಿನಿಂದ ನಿಮಿಷಕ್ಕೆ 5 ಲೀಟರ್ ಗಾಳಿ ಹೋಗುತ್ತಿದೆ. ಆಗ ಪ್ಲಗ್ ತೆಗೆದು ಸೋಪಿನ ನೀರನ್ನು ಕಪ್ಲಿಂಗ್, ರೆಗ್ಯುಲೇಟರ್, ಗೇಜಿನ ಬುಡ, ಡ್ರೈನ್ ಕಾಕ್ ಈ ಅನುಕ್ರಮದಲ್ಲಿ ಸಿಂಪಡಿಸಿ. ನನ್ನ ಅನುಭವದಲ್ಲಿ ಹೆಚ್ಚಿನ ಸೋರಿಕೆಗಳು ಮೊದಲ ಎರಡರಲ್ಲೇ ಸಿಗುತ್ತವೆ. ಗುಳ್ಳೆ ಏಳುವ ಜೋಡಣೆಯನ್ನು ಗುರುತು ಹಾಕಿಕೊಂಡು, ಒತ್ತಡ ಸೊನ್ನೆಗೆ ಇಳಿಸಿದ ಮೇಲೆಯೇ ಬಿಚ್ಚಿ ಟೆಫ್ಲಾನ್ ಟೇಪು ಸುತ್ತಿ.

## ಲಕ್ಷಣ ನೋಡಿ ದೋಷ ಗುರುತಿಸುವುದು

ಯಂತ್ರ ನಿಂತ ಮೇಲೂ ಸ್ವಿಚ್ಚಿನ ಬಳಿ ‘ಸ್ಸ್’ ಎಂದು ಗಾಳಿ ಸೋರುತ್ತಲೇ ಇದ್ದರೆ ಎಲ್ಲರೂ ಸ್ವಿಚ್ಚನ್ನು ಬದಲಿಸುತ್ತಾರೆ. ದೋಷ ಇರುವುದು ಟ್ಯಾಂಕಿನ ಬಾಯಿಯ ನಾನ್ ರಿಟರ್ನ್ ವಾಲ್ವಿನಲ್ಲಿ. ಅಂಗಡಿಯಲ್ಲಿ ಎನ್‌ಆರ್‌ವಿ ಎಂದು ಕೇಳಿದರೆ ಸಿಗುತ್ತದೆ. ಅದರ ಒಳಗಿನ ಬಿಲ್ಲೆಯ ಕೆಳಗೆ ಮಸಿಯೋ ತುಕ್ಕಿನ ಕಣವೋ ಸಿಕ್ಕಿಕೊಂಡು, ಟ್ಯಾಂಕಿನ ಗಾಳಿ ಹಿಂದಕ್ಕೆ ಬಂದು, ತೆಳು ಕೊಳವೆಯ ಮೂಲಕ ಅನ್‌ಲೋಡರಿನಲ್ಲಿ ಹೊರಬೀಳುತ್ತದೆ. ಟ್ಯಾಂಕು ಪೂರ್ತಿ ಖಾಲಿ ಮಾಡಿ, ವಾಲ್ವು ಬಿಚ್ಚಿ, ಬಿಲ್ಲೆಯನ್ನು ಒರೆಸಿ ಹಾಕಿದರೆ ಅನೇಕ ವೇಳೆ ಕಾಸಿಲ್ಲದೆ ಸರಿಯಾಗುತ್ತದೆ. ಯಂತ್ರ ಓಡುತ್ತಿರುವಾಗಲೇ ಅಲ್ಲಿ ಗಾಳಿ ಸೋರಿದರೆ ಮಾತ್ರ ಅನ್‌ಲೋಡರನ್ನು ಸಂಶಯಿಸಿ.

ಮೋಟರು ಗುಂಯ್ ಎಂದು ನಿಂತರೆ ಎರಡು ಸೆಕೆಂಡಿನೊಳಗೆ ಆರಿಸಿ. ಟ್ಯಾಂಕು ಖಾಲಿ ಮಾಡಿ ಮತ್ತೆ ಪ್ರಯತ್ನಿಸಿ. ಖಾಲಿ ಟ್ಯಾಂಕಿಗೆ ತಿರುಗಿ, ತುಂಬಿದ ಟ್ಯಾಂಕಿಗೆ ತಿರುಗದಿದ್ದರೆ ಎನ್‌ಆರ್‌ವಿ, ಅನ್‌ಲೋಡರ್, ವೋಲ್ಟೇಜು ಈ ಮೂರನ್ನು ನೋಡಿ. ಖಾಲಿ ಟ್ಯಾಂಕಿಗೂ ತಿರುಗದೆ, ಪ್ಲಗ್ ಕಿತ್ತು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದಾಗ ಸಲೀಸಾಗಿ ಬಂದರೆ ಕ್ಯಾಪಾಸಿಟರ್ ಹೋಗಿರುವ ಸಂಭವ ಹೆಚ್ಚು. ಕ್ಯಾಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದಾದ್ದರಿಂದ ಅದನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡಿ.

ತುಂಬುವ ಸಮಯ ನೋಟ್‌ಬುಕ್ಕಿನ ಮೊದಲ ಅಂಕಿಗಿಂತ ಒಂದೂವರೆ ಪಟ್ಟು ಆಗಿದ್ದು, ಸೋರಿಕೆಯೂ ಇಲ್ಲ, ಫಿಲ್ಟರೂ ಸ್ವಚ್ಛವಾಗಿದೆ ಎಂದಾದರೆ, ಓಡುವಾಗ ಏರ್ ಫಿಲ್ಟರಿನ ಬಾಯಿಗೆ ಅಂಗೈ ಹಿಡಿಯಿರಿ. ಗಾಳಿ ಒಳಕ್ಕೆ ಎಳೆಯುವ ಬದಲು ಒಂದು ಬಡಿತಕ್ಕೆ ಒಳಗೆ, ಇನ್ನೊಂದಕ್ಕೆ ಹೊರಗೆ ಊದಿದರೆ ಹೆಡ್ಡಿನೊಳಗಿನ ವಾಲ್ವ್ ಪಟ್ಟಿ ಮುರಿದಿದೆ ಅಥವಾ ಮಸಿ ಹಿಡಿದಿದೆ. ವಾಲ್ವ್ ಪ್ಲೇಟು, ಗ್ಯಾಸ್ಕೆಟ್ಟಿನ ಕಿಟ್ ದುಬಾರಿಯಲ್ಲ, ಆದರೆ ಹೆಡ್ಡಿನ ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯದಿದ್ದರೆ ಹೊಸ ಗ್ಯಾಸ್ಕೆಟ್ಟೂ ಒಂದು ವಾರ ಬಾಳದು.

## ಹಂತ 10: ಟ್ಯಾಂಕಿನ ವಿಷಯದಲ್ಲಿ ರಾಜಿ ಬೇಡ

ಮೋಟರು ಸುಟ್ಟರೆ ಹೋಗುವುದು ಹಣ. ಟ್ಯಾಂಕು ಸಿಡಿದರೆ ಹೋಗುವುದು ಜೀವ. 30 ಸೆಂಟಿಮೀಟರ್ ವ್ಯಾಸದ ಟ್ಯಾಂಕಿನ ಒಂದೊಂದು ತುದಿಯ ಮೇಲೂ 8 ಬಾರಿನಲ್ಲಿ ಐದೂವರೆ ಟನ್ನಿಗಿಂತ ಹೆಚ್ಚಿನ ನೂಕುಬಲ ಇರುತ್ತದೆ. ತುಕ್ಕು ಒಳಗಿನಿಂದ, ತಳದಲ್ಲಿ, ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ತಗಡನ್ನು ತಿನ್ನುತ್ತದೆ.

ತಳದಲ್ಲಿ ಬಣ್ಣ ಉಬ್ಬಿದ್ದರೆ, ಸೂಜಿಮೊನೆಯಷ್ಟು ತೂತಿನಿಂದ ಸೋಪಿನ ಗುಳ್ಳೆ ಎದ್ದರೆ, ಆ ಟ್ಯಾಂಕಿನ ಕೆಲಸ ಅಲ್ಲಿಗೆ ಮುಗಿಯಿತು. ಎಂ-ಸೀಲ್ ಹಚ್ಚುವುದಾಗಲಿ, ವೆಲ್ಡಿಂಗ್ ಮಾಡಿಸುವುದಾಗಲಿ ಬೇಡ. ತೂತು ಬಿದ್ದ ಜಾಗದ ಸುತ್ತಲಿನ ತಗಡೂ ಅಷ್ಟೇ ತೆಳುವಾಗಿರುತ್ತದೆ, ವೆಲ್ಡಿಂಗಿನ ಶಾಖ ಅದನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಹಳೆಯ ಗ್ಯಾಸ್ ಸಿಲಿಂಡರನ್ನು ಟ್ಯಾಂಕಾಗಿಸುವ ಪ್ರಯೋಗವೂ, ಗೋಡೆಯುದ್ದಕ್ಕೆ ಪಿವಿಸಿ ಪೈಪಿನಲ್ಲಿ ಗಾಳಿಯ ಲೈನು ಎಳೆಯುವ ಪ್ರಯೋಗವೂ ಇದೇ ಸಾಲಿಗೆ ಸೇರಿದವು. ನೀರಿನ ಒತ್ತಡಕ್ಕೆ ಒಡೆದ ಪಿವಿಸಿ ಸುಮ್ಮನೆ ಸೀಳಿ ನಿಲ್ಲುತ್ತದೆ, ಗಾಳಿಯ ಒತ್ತಡಕ್ಕೆ ಒಡೆದದ್ದು ಚೂರುಚೂರಾಗಿ ಚಾಕುವಿನಂತೆ ಹಾರುತ್ತದೆ. ಲೋಹದ ಪೈಪು ಅಥವಾ ಗಾಳಿಗೆಂದೇ ತಯಾರಿಸಿದ ಹೋಸನ್ನೇ ಬಳಸಿ.

ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವಾಗ ಮೊದಲು ಡ್ರೈನ್ ಕಾಕ್ ತೆರೆಸಿ ನೀರಿನ ಬಣ್ಣ ನೋಡಿ, ಆಮೇಲೆ ಕಾಕನ್ನೇ ಬಿಚ್ಚಿಸಿ ಆ ತೂತಿನಲ್ಲಿ ಟಾರ್ಚು ಹಿಡಿದು ಒಳಗೆ ಇಣುಕಿ. ಮೋಟರಿನ ಸದ್ದು ಕೇಳುವುದು ಅದಾದ ಮೇಲೆ. ನಿಮ್ಮದೇ ಟ್ಯಾಂಕು ಆಯಸ್ಸು ಮುಗಿಸಿ ಗುಜರಿಗೆ ಹೋಗುವಾಗ, ಎಲ್ಲ ವಾಲ್ವುಗಳನ್ನು ಬಿಚ್ಚಿ, ಒಳಗೆ ಒತ್ತಡ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಡ್ರಿಲ್ಲಿನಿಂದ ಹೊಟ್ಟೆಗೆ ನಾಲ್ಕು ದೊಡ್ಡ ತೂತು ಹೊಡೆದೇ ಕೊಡಿ. ಇಲ್ಲದಿದ್ದರೆ ಯಾರೋ ಅದಕ್ಕೆ ಬಣ್ಣ ಬಳಿದು, ಬೇರೆ ಮೋಟರು ಕೂರಿಸಿ, ಇನ್ನೊಬ್ಬರ ಶೆಡ್ಡಿಗೆ ಕಳಿಸುತ್ತಾರೆ.